ಬುಲೆಟ್ಟಿನ ಮುಂಗಾಲು ಬದಲಿಸಿ ಮೂರು ವರ್ಷ: ಬಳ್ಳಾರಿ ದೂಳಿನಲ್ಲಿ ಕಂಡದ್ದು

ನಮ್ಮದು 1991ರ ಬುಲೆಟ್ 350 ಸ್ಟ್ಯಾಂಡರ್ಡ್. ಕೆಎ-34 ನಂಬರು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಎರಕದ ಕಬ್ಬಿಣದ ಬೋರು. ಅಪ್ಪ ತಗೊಂಡ ಗಾಡಿ. ಇಂಜಿನ್ನಿಗೆ ನಾನು ಹೆಚ್ಚು ಕೈ ಹಚ್ಚಿಲ್ಲ, ಅದು ಇವತ್ತಿಗೂ ಒಂದೇ ಒದೆತಕ್ಕೆ ಎದ್ದು ನಿಲ್ಲುತ್ತದೆ. ನನಗೆ ಭಯ ಇದ್ದದ್ದು ಮುಂದಿನ ಭಾಗದ್ದು. 2022ರ ಫೆಬ್ರುವರಿಯಲ್ಲಿ ಹ್ಯಾಂಡಲ್ ಬೇರಿಂಗ್, ಫೋರ್ಕ್ (ಮುಂದಿನ ಚಕ್ರ ಹಿಡಿದು ಪೆಟ್ಟು ನುಂಗುವ ಎರಡು ಕಾಲು), ಮುಂದಿನ ಬ್ರೇಕ್ ಮೂರನ್ನೂ ಬದಲಿಸಿದೆ. ಆಮೇಲೆ ಸುಮಾರು 19,000 ಕಿ.ಮೀ. ಓಡಿಸಿದ್ದೇನೆ. ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ, ಅದಕ್ಕೇ ಇಷ್ಟು ದಿನ ತಡೆದು ಈಗ ಬರೆಯುತ್ತಿದ್ದೇನೆ.

ನನ್ನ ಓಡಾಟ ಎರಡು ದಿಕ್ಕಿಗೆ. ಕೆಲಸಕ್ಕೆ ಹೊಸಪೇಟೆ ರಸ್ತೆಯಲ್ಲಿ ಕುಡಿತಿನಿ ದಾಟಿ ತೋರಣಗಲ್ಲಿಗೆ. ವಾರಕ್ಕೊಮ್ಮೆ ಸಿರುಗುಪ್ಪ ಕಡೆ ನಮ್ಮ ಭತ್ತದ ಗದ್ದೆಗೆ. ಈ ಎರಡು ರಸ್ತೆಗಳು ಗಾಡಿಯ ಮುಂಗಾಲನ್ನು ಎರಡು ಥರ ತಿನ್ನುತ್ತವೆ. ತೋರಣಗಲ್ಲಿನ ಕಡೆ ಅದಿರಿನ ಲಾರಿಗಳು, ಕೆಂಪು ದೂಳು. ಆ ದೂಳಿನಲ್ಲಿ ಕಬ್ಬಿಣ ಇದೆ. ಫೋರ್ಕ್ ಪೈಪಿನ ಮೇಲೆ ಕೂತರೆ ಉಪ್ಪುಕಾಗದದ ಥರ ಉಜ್ಜುತ್ತದೆ. ಸಿರುಗುಪ್ಪ ಕಡೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಮೇಲಿನ ಡಾಂಬರೂ ಅದರ ಜೊತೆ ಅಲೆ ಅಲೆಯಾಗುತ್ತದೆ. ಗುಂಡಿ ಇಲ್ಲದ ಜಾಗದಲ್ಲೂ ಗಾಡಿ ದೋಣಿಯ ಹಾಗೆ ಏಳುತ್ತದೆ, ಬೀಳುತ್ತದೆ.

ಇದೆಲ್ಲ ಬದಲಿಸುವ ಮೊದಲು ಒಂದು ಸಂಜೆ ಕುಡಿತಿನಿಯ ಹತ್ತಿರ ಮುಂದಿದ್ದ ಲಾರಿ ಗಕ್ಕನೆ ನಿಂತಿತು. ನಾನು ಎರಡೂ ಬ್ರೇಕ್ ಒತ್ತಿದೆ. ಮುಂದಿನ ಬ್ರೇಕ್ ಲಿವರ್ ಹಿಡಿಕೆಗೆ ತಾಗುವ ತನಕ ಬಂತು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಫೋರ್ಕ್ ಪೂರ್ತಿ ಕೂತಿತು, ಹ್ಯಾಂಡಲ್ ಕಟಕ್ ಎಂದು ಎಡಕ್ಕೆ ಎಳೆಯಿತು. ಲಾರಿಯ ಹಿಂಬದಿಗೆ ಒಂದು ಮೊಳ ಉಳಿದಿತ್ತು. ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೂ ಕೈ ನಡುಗುತ್ತಿತ್ತು.

ಮೊದಲು ತಲೆಗೆ ಬಂದದ್ದು ಡಿಸ್ಕ್ ಬ್ರೇಕು. ಕೌಲ್ ಬಜಾರಿನಲ್ಲಿ ಹಳೇ ಬುಲೆಟ್‌ಗಳನ್ನೇ ನೋಡುವ ಒಬ್ಬ ಮೇಸ್ತ್ರಿ ಇದ್ದಾರೆ, ಅವರ ಹತ್ತಿರ ಹೋದೆ. ಅವರು ಬ್ರೇಕಿನ ಕಡೆ ನೋಡಲೇ ಇಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ನಟ್ಟನಡುವೆ ಬಂದಾಗ ಅದು ಟಕ್ ಎಂದು ಕೂತುಕೊಂಡಿತು. "ಮೊದ್ಲು ಕೋನ್ ಸೆಟ್ ನೋಡ್ರಿ. ತಲೀನ ಅಲ್ಲಾಡಾಕತ್ತೈತಿ, ಡಿಸ್ಕ್ ಹಾಕಿ ಏನ್ ಮಾಡ್ತೀರಿ?" ಎಂದರು.

ಕೋನ್ ಸೆಟ್ ಅಂದರೆ ಹ್ಯಾಂಡಲ್ ಬೇರಿಂಗೇ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಮೂರು ಬದಲಾವಣೆಗಳಲ್ಲಿ ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಹಳೇ ಬುಲೆಟ್ಟಿನ ಹ್ಯಾಂಡಲ್ ತಿರುಗುವುದು ಬಿಡಿಬಿಡಿ ಉಕ್ಕಿನ ಗುಂಡುಗಳ ಮೇಲೆ. ಮೇಲೊಂದು ಬಟ್ಟಲು, ಕೆಳಗೊಂದು ಬಟ್ಟಲು. ಗುಂಡು ಬಟ್ಟಲಿಗೆ ತಾಗುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ನಾವು ಓಡಿಸುವುದು ಹೆಚ್ಚಾಗಿ ನೇರಕ್ಕೆ, ಹಾಗಾಗಿ ಪ್ರತಿ ಗುಂಡಿಯ ಪೆಟ್ಟೂ ಅದೇ ಚುಕ್ಕೆಗಳ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಹಾಗೆ ಬಿದ್ದು ಬಟ್ಟಲಲ್ಲಿ ಸಣ್ಣ ಸಣ್ಣ ಕುಳಿಗಳಾಗುತ್ತವೆ. ಆಮೇಲೆ ಹ್ಯಾಂಡಲ್ ನಡುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಿಧಾನವಾಗಿ ಹೋಗುವಾಗ ಗಾಡಿ ಹಾವಿನ ಹಾಗೆ ಹೊಯ್ದಾಡುವುದು ಇದರಿಂದ. ನಾನು ಎಷ್ಟೋ ವರ್ಷ ಅದನ್ನು ಬುಲೆಟ್ಟಿನ ಗುಣ ಎಂದೇ ಅಂದುಕೊಂಡಿದ್ದೆ.

ಅದರ ಬದಲಿಗೆ ಟೇಪರ್ ರೋಲರ್ ಬೇರಿಂಗ್ ಹಾಕಿಸಿದೆ. ಇದರಲ್ಲಿ ಗುಂಡಿನ ಬದಲು ಓರೆಯಾಗಿ ಕೂತ ಸಣ್ಣ ಉರುಳೆಗಳು. ಚುಕ್ಕೆಯ ಜಾಗದಲ್ಲಿ ಗೆರೆಯುದ್ದಕ್ಕೂ ತಾಗುತ್ತವೆ, ಭಾರ ಹಂಚಿಹೋಗುತ್ತದೆ. ಆದರೆ ಬಿಗಿ ಸರಿ ಕೂರಿಸುವುದರಲ್ಲೇ ಎಲ್ಲ ಇದೆ. ಜಾಸ್ತಿ ಬಿಗಿ ಮಾಡಿದರೆ ಗಾಡಿ ತಾನಾಗಿ ನೇರ ಆಗುವುದಿಲ್ಲ, ಸಂತೆಯ ಸಂದಿಯಲ್ಲಿ ಓಡಿಸಲು ಕಷ್ಟ. ಸಡಿಲ ಬಿಟ್ಟರೆ ಬ್ರೇಕ್ ಹಿಡಿದಾಗ ಕಟಕ್ ಅನ್ನುತ್ತದೆ. ಚಕ್ರ ಎತ್ತಿ, ಹ್ಯಾಂಡಲನ್ನು ನಡುವಿನಿಂದ ಸುಮ್ನೆ ಒಂದು ಬೆರಳು ತಾಗಿಸಿದರೆ ಅದು ತನ್ನ ಭಾರಕ್ಕೆ ತಾನೇ ಒಂದು ಬದಿಗೆ ಬೀಳಬೇಕು. ಹಿಡಿದು ಹಿಂದೆ ಮುಂದೆ ಎಳೆದರೆ ಆಟ ಇರಬಾರದು. 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡಿಸಿ. ನನ್ನದು ಆಗ ಸ್ವಲ್ಪ ಸಡಿಲ ಆಗಿತ್ತು. ಆಮೇಲೆ ಮೂರು ವರ್ಷದಲ್ಲಿ ಒಂದೇ ಸಲ ಬಿಚ್ಚಿ ಗ್ರೀಸ್ ಬದಲಿಸಿದ್ದೇನೆ. ಹ್ಯಾಂಡಲ್ ಇವತ್ತಿಗೂ ಬೆಣ್ಣೆಯ ಹಾಗೆ ತಿರುಗುತ್ತದೆ.

ಫೋರ್ಕಿನ ಕಥೆ ಅಷ್ಟು ಸುಲಭ ಇರಲಿಲ್ಲ. ಬಿಚ್ಚಿದಾಗ ಒಳಗಿದ್ದದ್ದು ಎಣ್ಣೆ ಅಂತ ಹೇಳಲಾಗದ ಕಂದು ಗಂಜಿ. ಪೈಪಿನ ಮೇಲಿನ ಕ್ರೋಮ್ ಲೇಪ, ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಓಡಾಡುವ ಜಾಗದಲ್ಲೇ ತೂತು ತೂತಾಗಿತ್ತು. ಅಂಥ ಪೈಪಿಗೆ ಹೊಸ ಸೀಲ್ ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ, ಒಂದು ತಿಂಗಳಲ್ಲಿ ಹರಿದು ಹೋಗುತ್ತದೆ. ಹಾಗಾಗಿ ಹೊಸ ಪೈಪ್, ಹೊಸ ಬುಷ್, ಹೊಸ ಸೀಲ್, ಹೊಸ ಸ್ಪ್ರಿಂಗ್ ಹಾಕಿಸಿದೆ. ಎಣ್ಣೆಯನ್ನು ಎರಡೂ ಕಾಲಿಗೆ ಅಳತೆ ಲೋಟದಲ್ಲಿ ಒಂದೇ ಸಮ ಹಾಕಿಸಿದೆ. ಕಣ್ಣಳತೆಗೆ ಸುರಿಯುವವರ ಹತ್ತಿರ ಈ ಕೆಲಸ ಕೊಡಬೇಡಿ.

ಸಿರುಗುಪ್ಪ ರಸ್ತೆಯಲ್ಲಿ ಫರಕು ಮೊದಲ ದಿನವೇ ಗೊತ್ತಾಯಿತು. ಮೊದಲು ಒಂದು ಅಲೆ ದಾಟಿದರೆ ಗಾಡಿ ಮೂರು ಸಲ ಕುಣಿಯುತ್ತಿತ್ತು, ಅಷ್ಟರಲ್ಲಿ ಮುಂದಿನ ಅಲೆ ಬರುತ್ತಿತ್ತು. ಈಗ ಒಂದು ಸಲ ಏಳುತ್ತದೆ, ಕೂರುತ್ತದೆ, ಅಷ್ಟೇ. ಅಮ್ಮನಿಗೆ ಸೊಂಟ ನೋವು. ಮೊದಲೆಲ್ಲ ದಾರಿಯಲ್ಲಿ ಒಂದು ಕಡೆ ಇಳಿದು ನಿಲ್ಲಲೇಬೇಕಿತ್ತು. ಈಗ ಸುಮಾರು 55 ಕಿ.ಮೀ. ದಾರಿಯನ್ನು ಒಂದೇ ಉಸಿರಿಗೆ ಹಿಂದೆ ಕೂತು ಬರುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

ಇನ್ನು ಬ್ರೇಕು. ನನ್ನ ಗಾಡಿಗೆ ಇದ್ದದ್ದು 6 ಇಂಚಿನ ಡ್ರಮ್, ಒಂದೇ ಕ್ಯಾಮ್. ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವುದು ಶೂ, ಶೂಗಳನ್ನು ಅಗಲಿಸುವುದು ಕ್ಯಾಮ್. ಅದರಲ್ಲಿ ಎರಡು ಶೂಗಳ ಪೈಕಿ ಒಂದನ್ನು ಮಾತ್ರ ಚಕ್ರದ ತಿರುಗು ತನ್ನೊಳಗೆ ಎಳೆದುಕೊಳ್ಳುತ್ತದೆ, ಇನ್ನೊಂದನ್ನು ದೂರ ತಳ್ಳುತ್ತದೆ. ಬುಲೆಟ್ಟಿಗೇ ಬಂದ 7 ಇಂಚಿನ ಟ್ವಿನ್ ಲೀಡಿಂಗ್ ಡ್ರಮ್ಮಿನಲ್ಲಿ ಎರಡು ಕ್ಯಾಮ್ ಇವೆ, ಎರಡೂ ಶೂ ಒಳಗೆ ಎಳೆದುಕೊಂಡು ಕಚ್ಚುತ್ತವೆ. ನಾನು ಆರಿಸಿದ್ದು ಇದನ್ನೇ. ಹಬ್ (ಚಕ್ರದ ನಡುಭಾಗ) ಬದಲಾಗುವುದರಿಂದ ಚಕ್ರದ ಕಡ್ಡಿಗಳೂ ಬದಲಾಗುತ್ತವೆ, 19 ಇಂಚಿನ ಚಕ್ರವನ್ನು ಹೊಸದಾಗಿ ಕಟ್ಟಿಸಬೇಕು. ರಿಮ್ ಮಾತ್ರ ಹಳೆಯದೇ.

ಇಲ್ಲಿ ಒಂದು ಪೆಟ್ಟು ತಿಂದೆ. ಒಂದು ಅಂಗಡಿಯಿಂದ ಕಡಿಮೆ ಬೆಲೆಗೆ ತಂದ ಶೂಗಳು ಡ್ರಮ್ಮಿಗೆ ತುದಿಯಲ್ಲಿ ಮಾತ್ರ ತಾಗುತ್ತಿದ್ದವು. ಕಿರುಚುತ್ತಿತ್ತು, ಹಿಡಿಯುತ್ತಿರಲಿಲ್ಲ. ಒಂದು ತಿಂಗಳು ಹಳೇ ಡ್ರಮ್ಮೇ ಇದಕ್ಕಿಂತ ವಾಸಿ ಅನ್ನಿಸಿತು. ಕೊನೆಗೆ ಮೇಸ್ತ್ರಿ ಬೇರೆ ಶೂ ತರಿಸಿ, ಲೇತಿನಲ್ಲಿ ಡ್ರಮ್ಮಿನ ಅಳತೆಗೆ ತಿರುವಿಸಿ ಕೂರಿಸಿದರು. ಎರಡು ಕ್ಯಾಮ್‌ಗಳ ನಡುವಿನ ಕಡ್ಡಿಯನ್ನು ಎರಡೂ ಒಂದೇ ಕ್ಷಣಕ್ಕೆ ತೆರೆಯುವ ಹಾಗೆ ಹೊಂದಿಸಿದರು. ಇದು ತಪ್ಪಿದರೆ ಎರಡು ಕ್ಯಾಮ್ ಇದ್ದೂ ಒಂದೇ ಕೆಲಸ ಮಾಡುತ್ತದೆ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ನಿಲ್ಲಿಸಿ ಹೆಜ್ಜೆ ಎಣಿಸಿದೆ. ಹಳೆಯದರಲ್ಲಿ 34 ಹೆಜ್ಜೆ, ಹೊಸದರಲ್ಲಿ 25.

ಕೊರತೆಗಳೂ ಇವೆ. ಈ ಡ್ರಮ್ ಮುಂದಕ್ಕೆ ಹೋಗುವಾಗ ಮಾತ್ರ ಗಟ್ಟಿ. ಸಂಡೂರಿನ ಏರಿನಲ್ಲಿ, ಕುಮಾರಸ್ವಾಮಿ ಬೆಟ್ಟಕ್ಕೆ ಹೋಗುವಾಗ, ಏರು ಮುಖವಾಗಿ ನಿಂತರೆ ಮುಂದಿನ ಬ್ರೇಕ್ ಒಂದೇ ಗಾಡಿಯನ್ನು ಹಿಡಿಯುವುದಿಲ್ಲ, ಹಿಂದಕ್ಕೆ ಜಾರುತ್ತದೆ. ಹಿಂದಿನ ಬ್ರೇಕ್ ಮೇಲೆ ಕಾಲು ಇರಲೇಬೇಕು. ಅದೇ ಇಳಿಜಾರಿನಲ್ಲಿ ಪದೇ ಪದೇ ಹಿಡಿದರೆ ಬಿಸಿಯಾಗಿ ಕಚ್ಚು ಕಡಿಮೆಯಾಗುತ್ತದೆ. ಗೇರು ಇಳಿಸಿ ಇಂಜಿನ್ನಿನ ಮೇಲೆ ಇಳಿಯುತ್ತೇನೆ. ಮಳೆಗಾಲದಲ್ಲಿ ಕೆಂಪು ಕೆಸರು ಒಳಗೆ ಹೋಗಿ ಒಣಗಿ ಪುಡಿಯಾಗುತ್ತದೆ. 3,000 ಕಿ.ಮೀ.ಗೆ ಒಮ್ಮೆ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಬಾಯಿಂದ ಊದಬೇಡಿ, ಗಾಳಿ ಪೈಪೂ ಹಿಡಿಯಬೇಡಿ. ಶೂ ಮೇಲೆ ಅಂಟಿಸಿರುವ ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ಫೋರ್ಕ್ ಸೀಲ್ 14 ತಿಂಗಳಿಗೇ ಸೋರಿತು. ಬೇಜಾರಾಯಿತು. ಎರಡನೇ ಜೊತೆ ಹಾಕಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ: ತೋರಣಗಲ್ಲಿನಿಂದ ಬಂದ ಕೂಡಲೇ ಕಾಣುವಷ್ಟು ಪೈಪನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅರ್ಧ ನಿಮಿಷದ ಕೆಲಸ. ಆ ಜೊತೆ 21 ತಿಂಗಳು ಬಾಳಿತು.

ಖರ್ಚು ಹೇಳುತ್ತೇನೆ. ಬೇರಿಂಗ್ 1,400, ಫೋರ್ಕಿನ ಸಾಮಾನು 3,200, ಹಬ್, ಪ್ಲೇಟ್, ಕಡ್ಡಿ, ಶೂ ಸೇರಿ 6,800, ಕೂಲಿ 2,600. ಒಟ್ಟು 14,000 ರೂಪಾಯಿ. ಹ್ಯಾಂಡಲ್ ತಿರುಗಿಸಿದರೆ ಅರ್ಧ ಕೆಲಸ ಬೇರಿಂಗಿನದೇ ಎಂದು ಗೊತ್ತಾಗುತ್ತದೆ, ಅದಕ್ಕೆ ಹೋದದ್ದು ಹತ್ತರಲ್ಲಿ ಒಂದು ಪಾಲು.

ನನ್ನ ಗೆಳೆಯ ಇದೇ ಥರದ ಗಾಡಿಗೆ ಹೊಸ ಬುಲೆಟ್‌ಗಳ 280 ಮಿ.ಮೀ. ಡಿಸ್ಕ್ ಹಾಕಿಸಿದ್ದಾನೆ. ಅವನ ಗಾಡಿ 22 ಹೆಜ್ಜೆಗೆ ನಿಲ್ಲುತ್ತದೆ, ಇಳಿಜಾರಿನಲ್ಲೂ ಕಚ್ಚು ಬಿಡುವುದಿಲ್ಲ. ಡಿಸ್ಕ್ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಫೋರ್ಕಿನ ಕೆಳಕಾಲು, ಹಬ್, ಹ್ಯಾಂಡಲಿನ ಮೇಲೆ ಮಾಸ್ಟರ್ ಸಿಲಿಂಡರ್ (ಬ್ರೇಕ್ ಎಣ್ಣೆಯನ್ನು ಒತ್ತುವ ಭಾಗ) ಎಲ್ಲವೂ ಬೇರೆಯದೇ ಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಚೆಲ್ಲಿದರೆ ಪೇಂಟ್ ಏಳುತ್ತದೆ. ಕಾಗದದ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗಳ ಬಗ್ಗೆಯೇ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿ ಓದಿದೆ. ನಮ್ಮಂಥ ಹಳೇ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದೆ. ಏನೇ ಮಾಡಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ. ಡಿಸ್ಕ್ ಹಾಕಿಸಿದರೂ ಹ್ಯಾಂಡಲ್ ಬೇರಿಂಗ್ ಮತ್ತು ಫೋರ್ಕ್ ಮೊದಲು ಸರಿ ಇರಲಿ. ಸಡಿಲ ತಲೆಗೆ ಗಟ್ಟಿ ಬ್ರೇಕ್ ಹಾಕಿದ್ದರೆ ಆ ಕುಡಿತಿನಿಯ ಸಂಜೆಯಲ್ಲಿ ನಾನು ನೆಲಕ್ಕೆ ಬೀಳುತ್ತಿದ್ದೆ.

ಈಗ ಎಡಗಾಲಿನ ಪೈಪಿನಲ್ಲಿ ಮತ್ತೆ ಎಣ್ಣೆಯ ತೆಳು ಗೆರೆ ಕಾಣುತ್ತಿದೆ. ಮೂರನೇ ಜೊತೆ ಸೀಲ್ ತಂದಿಟ್ಟಿದ್ದೇನೆ. ಬರುವ ಭಾನುವಾರ ಮೇಸ್ತ್ರಿ ಬಿಡುವಾಗಿದ್ದಾರಂತೆ, ಗದ್ದೆಗೆ ಹೋಗುವುದು ಸೋಮವಾರಕ್ಕೆ.