ಕಟ್ಟುವ ಮೊದಲೇ ಬೀದಿಯ ಫೋಟೋದಲ್ಲಿ ಮನೆ: ಮೂರು ದಾರಿಗಳ ಹೋಲಿಕೆ

ತೀರ್ಥಹಳ್ಳಿ ಪೇಟೆಯಲ್ಲಿರುವ ನಮ್ಮ ಹಳೆಯ ಹೆಂಚಿನ ಅಂಗಡಿಮನೆಯನ್ನು ಕೆಡವಿ, ಕೆಳಗೆ ಮಳಿಗೆ, ಅದರ ಮೇಲೆ ಎರಡು ಅಂತಸ್ತಿನ ಮನೆ ಕಟ್ಟುವುದೆಂದು ತೀರ್ಮಾನವಾಗಿದೆ. ಎಂಜಿನಿಯರ್ ಕೊಟ್ಟ ಪ್ಲಾನು ಎಲ್ಲರಿಗೂ ಒಪ್ಪಿಗೆಯಾಗಿದ್ದರೂ, ಪಕ್ಕದವರ ಮಾಡಿಗಿಂತ ಅದು ಎಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೆ ಎಂಬುದು ಕಾಗದ ನೋಡಿ ಅಣ್ಣನಿಗಾಗಲಿ ಅತ್ತಿಗೆಗಾಗಲಿ ತಿಳಿಯುವಂತಿರಲಿಲ್ಲ. ಆದ್ದರಿಂದ ನಮ್ಮ ಬೀದಿಯ ಫೋಟೋದಲ್ಲಿಯೇ ಕಟ್ಟಡವನ್ನು ಕೂರಿಸಿ ನೋಡಲು ಮೂರು ದಾರಿಗಳನ್ನು ಪ್ರಯೋಗಿಸಿದೆ. ಒಂದು, ಹೇಳಿದ್ದನ್ನು ಕೇಳಿ ಫೋಟೋ ತಿದ್ದಿಕೊಡುವ ಎಐ ಸಹಾಯಕ. ಎರಡು, ಗುರುತು ಹಾಕಿದ ಭಾಗವನ್ನಷ್ಟೇ ಎಐನಿಂದ ತುಂಬಿಸುವ ಫೋಟೋ ತಂತ್ರಾಂಶ. ಮೂರು, ಅಳತೆಗೆ ಸರಿಯಾಗಿ 3ಡಿ ಮಾದರಿ ಮಾಡಿ ಫೋಟೋದೊಳಗೆ ನಿಲ್ಲಿಸಿ, ಬಣ್ಣ ಮತ್ತು ಹೊರಮೈಗೆ ಮಾತ್ರ ಎಐ ಬಳಸುವುದು. ನನ್ನ ಒಲವು ಮೂರನೆಯದರ ಕಡೆಗಿದೆ. ಅದಕ್ಕೆ ಮುಖ್ಯ ಕಾರಣ ಎತ್ತರದ ಪ್ರಶ್ನೆ.

ಮೊದಲನೆಯ ದಾರಿಯ ಆಕರ್ಷಣೆಯನ್ನು ಅಲ್ಲಗಳೆಯುವಂತಿಲ್ಲ. 2025ರಿಂದೀಚೆಗೆ ಈ ಸಹಾಯಕಗಳು ಫೋಟೋ ತಿದ್ದುವುದರಲ್ಲಿ ಬಹಳ ಮುಂದೆ ಬಂದಿವೆ, ಕನ್ನಡದಲ್ಲಿ ಕೇಳಿದರೂ ಅರ್ಥಮಾಡಿಕೊಳ್ಳುತ್ತವೆ, ಒಂದೆರಡು ನಿಮಿಷದೊಳಗೆ ಚಿತ್ರ ಕೈಗೆ ಬರುತ್ತದೆ. ಆದರೆ ನಮ್ಮ ಪ್ಲಾನಿನ ಪ್ರಕಾರ ಮಳಿಗೆ 11 ಅಡಿ, ಮೇಲಿನ ಅಂತಸ್ತುಗಳು ತಲಾ 10 ಅಡಿ, ಪ್ಯಾರಪೆಟ್ 3 ಅಡಿ, ಒಟ್ಟು 34 ಅಡಿ; ಪಕ್ಕದವರ ಮಾಡಿನ ತುದಿ ಸುಮಾರು 18 ಅಡಿ. ಇದನ್ನೆಲ್ಲ ಬರೆದು ಕೊಟ್ಟರೂ ಬಂದ ಚಿತ್ರದಲ್ಲಿ ನಮ್ಮ ಮೂರು ಅಂತಸ್ತುಗಳೂ ಪಕ್ಕದ ಮಾಡಿಗಿಂತ ಒಂದಿಷ್ಟೇ ಮೇಲಕ್ಕೆ ಇದ್ದವು. ಮಳಿಗೆಯ ಶಟರ್ ಎದುರು ನಿಂತಿದ್ದ ಬೈಕಿಗಿಂತ ಸ್ವಲ್ಪವೇ ಎತ್ತರವಾಗಿತ್ತು.

ಇನ್ನಷ್ಟು ಎತ್ತರಿಸು ಎಂದರೆ ಇನ್ನೊಂದು ಅಂತಸ್ತನ್ನು ಸೇರಿಸಿತು. ಅಂತಸ್ತು ಮೂರೇ ಇರಲಿ ಎಂದಾಗ ಪಕ್ಕದ ಮನೆಯನ್ನೂ ಜೊತೆಗೆ ಎಳೆದು ಎತ್ತರಿಸಿತು. ಇದಕ್ಕೆ ಕಾರಣವಿದೆ. ಇಂಥ ಸಹಾಯಕ ಫೋಟೋದಲ್ಲಿ ಅಳೆದು ನೋಡಿ ಕಟ್ಟಡವನ್ನು ಕೂರಿಸುವುದಿಲ್ಲ. ತಾನು ಕಲಿತ ಅಸಂಖ್ಯ ಚಿತ್ರಗಳ ಆಧಾರದ ಮೇಲೆ ಅಲ್ಲಿ ಒಪ್ಪುವಂತೆ ಕಾಣುವುದನ್ನು ಬರೆಯುತ್ತದೆ. ನಾವು ಕೊಟ್ಟ 34 ಎಂಬ ಅಂಕಿಯನ್ನು ಫೋಟೋದ ಯಾವ ಗೆರೆಗೂ ಗಂಟುಹಾಕಿರುವುದಿಲ್ಲ. ಅಕ್ಕಪಕ್ಕದ ಕಟ್ಟಡಗಳಿಗೆ ಹೊಂದುವ ಎತ್ತರವೇ ಅದಕ್ಕೆ ಸರಿಯಾಗಿ ಕಾಣುತ್ತದೆ. ನಮಗೆ ತಿಳಿಯಬೇಕಾಗಿದ್ದುದು ಹೊಂದುತ್ತದೆಯೋ ಇಲ್ಲವೋ ಎಂಬುದೇ.

ಪ್ರತಿ ಸಲವೂ ಇಡೀ ಚಿತ್ರವನ್ನೇ ಹೊಸದಾಗಿ ಬರೆಯುವುದರಿಂದ ಇನ್ನೊಂದು ತೊಡಕು. ಪಕ್ಕದ ಮನೆಯ ಮರದ ಕಿಟಕಿ ಗಾಜಿನದಾಯಿತು, ಎದುರಿನ ವಿದ್ಯುತ್ ಕಂಬ ಮಾಯವಾಯಿತು, ಅಂಗಡಿಯ ಬೋರ್ಡಿನಲ್ಲಿದ್ದ ಕನ್ನಡ ಯಾವ ಲಿಪಿಯೂ ಅಲ್ಲದ ಸೊಟ್ಟ ಗೆರೆಗಳಾಯಿತು. ‘ಎಂತ ಮಾರಾಯ, ಇದು ನಮ್ಮ ಬೀದಿನೇ ಅಲ್ಲ’ ಎಂದು ಅಣ್ಣ ಫೋನನ್ನು ವಾಪಸು ಕೊಟ್ಟರು. ತಂತಿಗಳಿಗೆ ತಾಗದಂತೆ ಬಾಲ್ಕನಿಯನ್ನು ಎಷ್ಟು ಹೊರಕ್ಕೆ ಚಾಚಬಹುದು ಎಂದು ನೋಡಬೇಕಾದವರಿಗೆ ಕಂಬವೇ ಇಲ್ಲದ ಚಿತ್ರದಿಂದ ಏನು ಪ್ರಯೋಜನ?

ಎರಡನೆಯ ದಾರಿಯಲ್ಲಿ ಗುರುತಿನ ಹೊರಗಿನದು ಇದ್ದಂತೆಯೇ ಉಳಿಯುತ್ತದೆ, ಇದು ದೊಡ್ಡ ಸಮಾಧಾನ. ಎತ್ತರದ ಹೊಣೆ ಮಾತ್ರ ಗುರುತು ಹಾಕಿದವರ ಮೇಲೆಯೇ ಬೀಳುತ್ತದೆ, ಮತ್ತು ಗುರುತನ್ನು ದೊಡ್ಡದು ಮಾಡಿದಾಗ ಅದನ್ನು ತುಂಬಲು ಕಿಟಕಿಗಳ ನಾಲ್ಕನೆಯ ಸಾಲು ಬಂದದ್ದೂ ಉಂಟು.

ಮೂರನೆಯದಕ್ಕೆ ಬಳಸಿದ್ದು ಫೋಟೋದಿಂದ ಕ್ಯಾಮೆರಾದ ಕೋನ ಕಂಡುಹಿಡಿಯುವ ಎಫ್‌ಸ್ಪೈ ಮತ್ತು 3ಡಿ ಮಾದರಿ ಮಾಡುವ ಬ್ಲೆಂಡರ್ ಎಂಬ ತಂತ್ರಾಂಶಗಳು, ಎರಡೂ ಉಚಿತ. ರಸ್ತೆಯ ಉದ್ದಕ್ಕೆ ಸಾಗುವ ಅಂಚುಗಳ ಮೇಲೆ ಒಂದು ಜೊತೆ ಗೆರೆ, ಅದಕ್ಕೆ ಅಡ್ಡಲಾದ ಅಂಚುಗಳ ಮೇಲೆ ಇನ್ನೊಂದು ಜೊತೆ ಗೆರೆ ಎಳೆದರೆ, ಅವು ಕೂಡುವ ಬಿಂದುಗಳಿಂದ ಕ್ಯಾಮೆರಾ ಯಾವ ಕೋನದಲ್ಲಿತ್ತು ಎಂಬುದನ್ನು ಎಫ್‌ಸ್ಪೈ ಲೆಕ್ಕ ಹಾಕುತ್ತದೆ. ಹಳೆಯ ಶಟರ್‌ನ ಅಗಲವನ್ನು ಟೇಪು ಹಿಡಿದು ಅಳೆದು ಕೊಟ್ಟಮೇಲೆ ಫೋಟೋಗೆ ಅಡಿಯ ಲೆಕ್ಕ ದೊರೆಯಿತು. ಅನಂತರ ಬ್ಲೆಂಡರ್‌ನಲ್ಲಿ 34 ಅಡಿಯ ಪೆಟ್ಟಿಗೆಯೊಂದನ್ನು ನಿಲ್ಲಿಸಿ, ಸಜ್ಜಾ, ಬಾಲ್ಕನಿಗಳನ್ನು ಸೇರಿಸಿದಾಗ, ನಮ್ಮ ಕಟ್ಟಡ ಪಕ್ಕದ ಮಾಡಿನ ಹೆಚ್ಚುಕಡಿಮೆ ಎರಡರಷ್ಟು ಎತ್ತರದಲ್ಲಿ ನಿಂತದ್ದು ಮನೆಯವರಿಗೆಲ್ಲ ಮೊದಲ ಬಾರಿಗೆ ಕಣ್ಣಿಗೆ ಕಂಡಿತು. ಗಾರೆ, ಹೆಂಚು, ಜಂಬಿಟ್ಟಿಗೆಯ ಹೊರಮೈಯನ್ನು ಆಮೇಲೆ ಎಐನಿಂದ ತುಂಬಿಸಿ, ಕಟ್ಟಡದ ಆಚೀಚಿನ ಭಾಗಕ್ಕೆ ಮೂಲ ಫೋಟೋವನ್ನೇ ಮತ್ತೆ ಮೇಲೆ ಹೊದಿಸಿದೆ.

ಈ ದಾರಿಗೆ ಫೋಟೋವನ್ನು ನೇರ ಎದುರಿನಿಂದ ತೆಗೆಯದೆ ಎರಡು ಗೋಡೆಗಳು ಕಾಣುವ ಮೂಲೆಯಿಂದ ತೆಗೆಯಬೇಕು, ಅಂಚು ಕತ್ತರಿಸಬಾರದು, ಫೋನಿನ ಅತಿ ಅಗಲದ ಲೆನ್ಸನ್ನು ಬಳಸಬಾರದು. ಆ ಲೆನ್ಸು ಗೆರೆಗಳನ್ನು ಬಾಗಿಸುತ್ತದೆ, ಎಫ್‌ಸ್ಪೈ ಅದನ್ನು ಸರಿಪಡಿಸುವುದಿಲ್ಲ.

ನೆರಳಿನ ವಿಷಯದಲ್ಲಿಯೂ ಬ್ಲೆಂಡರ್ ಮುಂದು. ನಮ್ಮ ಅಕ್ಷಾಂಶ ಸುಮಾರು 13.7 ಡಿಗ್ರಿ ಉತ್ತರವಾದ್ದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಊರಿನ ಅಕ್ಷಾಂಶ, ರೇಖಾಂಶ, ದಿನಾಂಕ, ಹೊತ್ತು ಮತ್ತು ಉತ್ತರ ದಿಕ್ಕನ್ನು ಕೊಟ್ಟರೆ ಬ್ಲೆಂಡರ್ ಅದನ್ನು ಸರಿಯಾಗಿ ತೋರಿಸುತ್ತದೆ. ಸಹಾಯಕ ನೆರಳನ್ನು ತೋಚಿದ ಕಡೆ ಹಾಕುತ್ತದೆ. ಮಲೆನಾಡಿನ ಶೈಲಿ ಎಂದು ಕೇಳಿದರೆ ತೆಂಗಿನ ತೋಟದ ನಡುವಿನ ರೆಸಾರ್ಟನ್ನು ಕೊಡುತ್ತದೆ, ಅದಿರಲಿ.

ಸಂಜೆ ಕಂಪ್ಯೂಟರ್ ಮುಂದೆ ಕೂರುವುದು ನನಗೆ ರೂಢಿಯಾದ್ದರಿಂದ ಬ್ಲೆಂಡರ್ ಕಲಿಯುವ ಶ್ರಮ ಹೊರೆ ಎನಿಸಲಿಲ್ಲ. ಖರ್ಚಾದದ್ದು ಎಐನ ಒಂದು ತಿಂಗಳ ಚಂದಾ ಮಾತ್ರ, ಅದನ್ನು ಮುಂದುವರಿಸುವ ವಿಚಾರವಿಲ್ಲ. ಕೈಯಲ್ಲಿ ಫೋನು ಮಾತ್ರ ಇರುವವರಿಗೆ ಎರಡನೆಯ ದಾರಿಯನ್ನು ಹೇಳುತ್ತೇನೆ. ಆದರೆ ಗುರುತಿನ ಮೇಲಂಚು ಎಲ್ಲಿ ಬರಬೇಕೆಂಬುದನ್ನು ಎಂಜಿನಿಯರ್ ಬಳಿ ಫೋಟೋ ಒಯ್ದು ಅವರ ಕೈಯಿಂದಲೇ ಹಾಕಿಸಿಕೊಳ್ಳಬೇಕು.