ಹಾರ್ಡ್ ಡಿಸ್ಕ್‌ಗೆ ಬಿಡುವು ಕೊಡದ ತಂತ್ರಾಂಶ ಯಾವುದು? ಪತ್ತೆಗೆ ಯಾವ ಸಾಧನ ಮೇಲು?

ನನ್ನ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ. ಫೋಟೋ, ಹಾಡು, ಹಳೆಯ ಕಡತಗಳೆಲ್ಲ ಡಿ ಡ್ರೈವ್‌ನಲ್ಲಿವೆ. ಅದು 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ವೇಗದ ಹಾರ್ಡ್ ಡಿಸ್ಕ್. ಕಂಪ್ಯೂಟರನ್ನು ಯಾರೂ ಮುಟ್ಟದಿದ್ದಾಗಲೂ ಅದು ಕರಕರ ಎನ್ನುತ್ತಲೇ ಇತ್ತು. ಯಾವ ತಂತ್ರಾಂಶ ಅದನ್ನು ಕೆದಕುತ್ತಿದೆ ಎಂದು ತಿಳಿಯಲು ಸಿಕ್ಕ ಸಾಧನಗಳನ್ನೆಲ್ಲ ಬಳಸಿ ನೋಡಿದೆ.

ಟಾಸ್ಕ್ ಮ್ಯಾನೇಜರ್‌ನಿಂದ ಹೆಚ್ಚೇನೂ ದಕ್ಕಲಿಲ್ಲ. ಯಾವ ತಂತ್ರಾಂಶ ಯಾವ ಡ್ರೈವ್ ಬಳಸುತ್ತಿದೆ ಎಂಬುದನ್ನು ಅದು ಹೇಳುವುದೇ ಇಲ್ಲ. ಡಿಸ್ಕ್ ಕಾಲಂನ ತಲೆಯಲ್ಲಿ ಶೇ 100 ಎಂದಿರುತ್ತದೆ, ಕೆಳಗಿನ ಸಾಲುಗಳಲ್ಲೆಲ್ಲ 0.1, 0.2 ಎಂಬಿಯಂತಹ ಚಿಲ್ಲರೆ ಅಂಕಿಗಳು. ಇದರಲ್ಲಿ ಸುಳ್ಳೇನೂ ಇಲ್ಲ. 7200 ಆರ್‌ಪಿಎಂ ಡಿಸ್ಕ್‌ನ ತಟ್ಟೆ ಒಂದು ಸುತ್ತು ಮುಗಿಸಲು 8.3 ಮಿಲಿಸೆಕೆಂಡ್ ಬೇಕು, ತಟ್ಟೆಯನ್ನು ಓದುವ ಹೆಡ್ ಸರಿಯುವ ಸಮಯ ಬೇರೆ. ಚದುರಿಬಿದ್ದ 4 ಕೆಬಿ ತುಣುಕುಗಳನ್ನು ಓದತೊಡಗಿದರೆ ಸೆಕೆಂಡಿಗೆ ನೂರರ ಆಸುಪಾಸಿನಲ್ಲೇ ಅದರ ಶಕ್ತಿ ಮುಗಿಯುತ್ತದೆ, ಅಂದರೆ 400 ಕೆಬಿ. ಡಿಸ್ಕ್ ಏದುಸಿರು ಬಿಡಲು ಅಷ್ಟು ಸಾಕು.

ರಿಸೋರ್ಸ್ ಮಾನಿಟರ್ ಕೂಡ ವಿಂಡೋಸ್ ಜೊತೆಗೇ ಬರುತ್ತದೆ, ಆದರೂ ಅದನ್ನು ತೆರೆದು ನೋಡುವವರು ಕಡಿಮೆ. ಅದರ ಡಿಸ್ಕ್ ಪುಟದಲ್ಲಿ ಪ್ರತಿ ಕಡತದ ಪೂರ್ಣ ವಿಳಾಸ, ಸೆಕೆಂಡಿಗೆ ಓದಿದ್ದು, ಬರೆದದ್ದು, ಪ್ರತಿಕ್ರಿಯೆಗೆ ಹಿಡಿದ ಮಿಲಿಸೆಕೆಂಡುಗಳು ಎಲ್ಲ ಇರುತ್ತವೆ. ವಿಳಾಸ ಡಿ ಡ್ರೈವ್‌ನದಾಗಿದ್ದರೆ ಮಾತ್ರ ನನಗೆ ಕೆಲಸ. ಹಾಗೆ ನೋಡಿದಾಗ ಒಂದು ಡೇಟಾಬೇಸ್ ಕಡತ ಮತ್ತೆ ಮತ್ತೆ ಮೇಲೆ ಬರುತ್ತಿತ್ತು, ಆದರೆ ಅದಕ್ಕೆ ಬರೆಯುತ್ತಿರುವುದು ‘ಸಿಸ್ಟಮ್’ ಎಂದಿತ್ತು. ಈ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ತಂತ್ರಾಂಶಗಳು ಬರೆದದ್ದು ಮೊದಲು ಮೆಮೊರಿಯಲ್ಲಿ ಉಳಿಯುತ್ತದೆ. ಆಮೇಲೆ ಅದನ್ನು ಡಿಸ್ಕ್‌ಗೆ ಇಳಿಸುವುದು ವಿಂಡೋಸ್. ಹಾಗಾಗಿ ನಿಜವಾಗಿ ಬರೆದವನ ಹೆಸರು ಇಲ್ಲಿ ಮರೆಯಾಗುತ್ತದೆ.

ಆ ಹೆಸರು ಸಿಕ್ಕಿದ್ದು ಪ್ರೋಸೆಸ್ ಮಾನಿಟರ್‌ನಲ್ಲಿ. ಇದು ಸಿಸ್‌ಇಂಟರ್ನಲ್ಸ್ ಎಂಬ ಸಂಗ್ರಹದ ಸಾಧನಗಳಲ್ಲೊಂದು. ಆ ಸಂಗ್ರಹ 2006ರಲ್ಲಿ ಮೈಕ್ರೋಸಾಫ್ಟ್ ತೆಕ್ಕೆಗೆ ಬಂತು, ಈಗಲೂ ಉಚಿತ. ತೆರೆದ ಕೂಡಲೇ ಸಾಲುಗಳು ಪ್ರವಾಹದಂತೆ ನುಗ್ಗುತ್ತವೆ, ಗಾಬರಿಯಾಗಬೇಕಿಲ್ಲ. ರಿಜಿಸ್ಟ್ರಿ ಮತ್ತು ನೆಟ್‌ವರ್ಕ್ ಗುಂಡಿಗಳನ್ನು ಆಫ್ ಮಾಡಿ, ಫಿಲ್ಟರ್‌ನಲ್ಲಿ ವಿಳಾಸ ಡಿ ಡ್ರೈವ್‌ನಿಂದ ಆರಂಭವಾಗಬೇಕು ಎಂದು ಕೊಟ್ಟು, ‘ಡ್ರಾಪ್ ಫಿಲ್ಟರ್ಡ್ ಈವೆಂಟ್ಸ್’ ಆಯ್ಕೆಗೆ ಗುರುತು ಹಾಕಿದರೆ ಸಾಕು. ಇಲ್ಲವಾದರೆ ಬೇಡದ ದಾಖಲೆಗಳೂ ಮೆಮೊರಿಯಲ್ಲಿ ಬೆಳೆಯುತ್ತ ಹೋಗುತ್ತವೆ. ಅದೇ ಡೇಟಾಬೇಸ್ ಕಡತದ ಎದುರು ‘ರೈಟ್‌ಫೈಲ್’ ಎಂಬ ಸಾಲು, ಪಕ್ಕದಲ್ಲಿ ನನ್ನ ಫೋಟೋ ಜೋಡಿಸುವ ತಂತ್ರಾಂಶದ ಹೆಸರು. ಫೋಲ್ಡರ್‌ಗೆ ಹೊಸ ಚಿತ್ರ ಬಂದಿದೆಯೇ ಎಂದು ಅದು ಆಗಾಗ ಎಲ್ಲ ಚಿತ್ರಗಳನ್ನೂ ತೆರೆದು ಮುಚ್ಚುತ್ತಿತ್ತು. ಆ ಆಯ್ಕೆಯನ್ನು ತೆಗೆದುಹಾಕಿದ ಮೇಲೆ ಡಿಸ್ಕ್ ತಣ್ಣಗಾಯಿತು.

ಹಾಗೆಂದು ಪ್ರೋಸೆಸ್ ಮಾನಿಟರನ್ನೇ ಮೊದಲು ತೆರೆಯಿರಿ ಎನ್ನಲಾರೆ. ಅದು ತೋರಿಸುವುದು ಕಡತ ಬೇಕೆಂದು ಬಂದ ಕೋರಿಕೆಗಳನ್ನು; ಅವುಗಳಲ್ಲಿ ಎಷ್ಟೋ ಮೆಮೊರಿಯಿಂದಲೇ ಪೂರೈಸಿಹೋಗಿ, ಡಿಸ್ಕ್ ಅಲುಗಾಡಿರುವುದೇ ಇಲ್ಲ. ಅದನ್ನೊಂದನ್ನೇ ನಂಬಿದರೆ ನಿರಪರಾಧಿ ತಂತ್ರಾಂಶವನ್ನು ಕಿತ್ತೆಸೆಯುವ ಅಪಾಯವಿದೆ. ಡಿಸ್ಕ್‌ನ ನಿಜವಾದ ಓಡಾಟ ಕಾಣುವುದು ರಿಸೋರ್ಸ್ ಮಾನಿಟರ್‌ನಲ್ಲೇ. ಮೊದಲು ಅಲ್ಲಿ ಕಡತವನ್ನು ಹಿಡಿಯಬೇಕು, ‘ಸಿಸ್ಟಮ್’ ಅಡ್ಡ ಬಂದಾಗ ಮಾತ್ರ ಪ್ರೋಸೆಸ್ ಮಾನಿಟರ್‌ಗೆ ಹೋಗಬೇಕು.

ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಇದೇ ಕಥೆ. ಐಓಟಾಪ್ ಎಂಬ ಸಾಧನ ಯಾವ ತಂತ್ರಾಂಶ ಎಷ್ಟು ಓದಿತು, ಬರೆಯಿತು ಎಂದು ತೋರಿಸುತ್ತದೆ, ಆದರೆ ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ ಇರುವ ವಿಭಾಗದಲ್ಲಿ ಜೆಬಿಡಿ2 ಎಂಬ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಕೆಲಸಗಾರ ಮುಂದೆ ಬಂದು ನಿಲ್ಲುತ್ತಾನೆ. ಅವನ ಹಿಂದಿರುವವರನ್ನು ಫ್ಯಾಟ್ರೇಸ್ ಎಂಬ ಇನ್ನೊಂದು ಸಾಧನ ಕಡತದ ಹೆಸರಿನ ಸಮೇತ ಸಾಲುಸಾಲಾಗಿ ಬರೆದುಕೊಡುತ್ತದೆ. ಬೇಕಾದ ವಿಭಾಗದೊಳಗೆ ಹೋಗಿ ‘-ಸಿ’ (-c) ಆಯ್ಕೆಯ ಜೊತೆ ಅದನ್ನು ಓಡಿಸಿದರೆ ಉಳಿದ ಡಿಸ್ಕ್‌ಗಳ ಗದ್ದಲ ಇರುವುದಿಲ್ಲ. ಎರಡೂ ಸಾಧನಗಳಿಗೆ ರೂಟ್ (ಆಡಳಿತಗಾರನ) ಅನುಮತಿ ಬೇಕು.