ಹಳೆ ಫಿಯಟ್ ಅಪಘಾತ ಆಗಿದ್ದರೆ, ಗ್ಯಾರೇಜಿಗೆ ಕೊಡೋ ಮೊದಲು ಇದನ್ನು ಓದಿ

ಪದ್ಮಿನಿ (ಜನ ಫಿಯಟ್ ಅನ್ನೋದು ಇದಕ್ಕೇ), ಅಂಬಾಸಿಡರ್ ಇಟ್ಟುಕೊಂಡಿರುವವರು ಸ್ವಲ್ಪ ಟೈಮ್ ಮಾಡಿಕೊಂಡು ಇದನ್ನು ಪೂರ್ತಿ ಓದಿ. ಅಪಘಾತ ಆದ ಹಳೆ ಕಾರನ್ನು ರಿಪೇರಿ ಮಾಡಿಕೊಡ್ತೀವಿ ಅಂತ ತೆಗೆದುಕೊಂಡು, ಬೇರೆ ಯಾವುದೋ ಕಾರಿನ ಮುಂಭಾಗ ಕತ್ತರಿಸಿ ತಂದು ಅದಕ್ಕೆ ವೆಲ್ಡಿಂಗ್ ಮಾಡಿ ಕೊಡುವ ಗ್ಯಾರೇಜುಗಳಿವೆ. ಮಾಲೀಕರಿಗೆ ಒಂದು ಮಾತು ಹೇಳುವುದಿಲ್ಲ. ಬಣ್ಣ ಹೊಡೆದ ಮೇಲೆ ಕಣ್ಣಿಗೂ ಕಾಣುವುದಿಲ್ಲ. ನಮಗೆ ಹಾಗೇ ಆಯಿತು. ಕೇಸು ನಡೆಯುತ್ತಿರುವುದರಿಂದ ಗ್ಯಾರೇಜಿನ ಹೆಸರು ಹಾಕುತ್ತಿಲ್ಲ, ಬೆಳಗಾವಿ ಕಡೆಯದು ಅಂದರೆ ಸಾಕು. ಹೆಸರಿಗಿಂತ ಅವರು ಮಾಡಿದ ಕೆಲಸ ಹೇಗಿರುತ್ತೆ ಅಂತ ಗೊತ್ತಿರೋದು ಮುಖ್ಯ.

ನಮ್ಮದು 1985ರಲ್ಲಿ ರಿಜಿಸ್ಟರ್ ಆದ ಪ್ರೀಮಿಯರ್ ಪದ್ಮಿನಿ, ತಿಳಿ ನೀಲಿ ಬಣ್ಣ. ಅಪ್ಪನ ಕಾರು. ಆಲಮಟ್ಟಿ ಹಿನ್ನೀರಿಗೆ ಮುಳುಗಡೆ ಆಗಿ ಹಳೆ ಬಾಗಲಕೋಟೆಯ ಅಂಗಡಿ ಬಿಡಬೇಕಾಗಿ ಬಂದಾಗ ಸೀರೆ ಗಂಟುಗಳನ್ನೆಲ್ಲ ಇದರಲ್ಲೇ ತುಂಬಿಕೊಂಡು ನವನಗರಕ್ಕೆ ಸಾಗಿಸಿದ್ದರು. 2025ರ ಜನವರಿಯಲ್ಲಿ, ಕಬ್ಬಿನ ಸೀಸನ್ ಜೋರಿದ್ದಾಗ, ನನ್ನ ತಮ್ಮ ರಾತ್ರಿ ಮುಧೋಳದಿಂದ ಬರುತ್ತಿದ್ದ. ಲೋಕಾಪುರ ದಾಟಿದ ಮೇಲೆ ಕಬ್ಬು ತುಂಬಿದ ಟ್ರೇಲರ್ ಒಂದು ರಸ್ತೆ ಮೇಲೇ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಅಡ್ಡ ಒಂದು ಕಲ್ಲೂ ಇಟ್ಟಿರಲಿಲ್ಲ. ಕಾರು ಎಡಗಡೆ ಮುಂಭಾಗದಿಂದ ಹೋಗಿ ಗುದ್ದಿತು. ಆ ಕಾಲದ ಕಾರಿಗೆ ಸೀಟ್ ಬೆಲ್ಟ್ ಇಲ್ಲ, ಸ್ಟೀರಿಂಗ್ ಎದೆಗೆ ಬಡಿದು ತಮ್ಮ ಆಸ್ಪತ್ರೆ ಸೇರಬೇಕಾಯಿತು. ಪುಣ್ಯಕ್ಕೆ ಜೀವಕ್ಕೆ ಏನೂ ಆಗಲಿಲ್ಲ. ಈ ಭಾಗದ ರಸ್ತೆಗಳಲ್ಲಿ ಪ್ರತಿ ಸೀಸನ್ನಿನಲ್ಲೂ ಇದೇ ಕಥೆ ಅಂತ ನಿಮಗೂ ಗೊತ್ತು.

ಕ್ರೇನ್ ಮೇಲೆ ಕಾರು ನೋಡಿದಾಗ ಅಷ್ಟೇನೂ ಆಗಿಲ್ಲ ಅನ್ನಿಸುತ್ತಿತ್ತು. ಬಂಪರ್, ಗ್ರಿಲ್, ಒಂದು ಫೆಂಡರ್, ಬಾನೆಟ್, ರೇಡಿಯೇಟರ್ ಹೋಗಿತ್ತು. ಬಾಗಿಲುಗಳು ತೆರೆಯುತ್ತಿದ್ದವು. ಗ್ಯಾರೇಜಿನವರು ಬಂದು ನೋಡಿ, "ಏನೂ ಆಗಿಲ್ರೀ ಸಾವ್ಕಾರ್ರ, ಬರೇ ತಗಡು ಬಾಗೈತಿ, ಹೊಸದರಂಗ ಮಾಡಿ ಕೊಡ್ತೀವಿ" ಅಂದರು. ಹಳೆ ಕಾರಿನ ತಗಡು ದಪ್ಪ, ಏನಾದರೂ ತಡೆಯುತ್ತೆ ಅನ್ನೋ ಮಾತೂ ಜೊತೆಗೆ ಬಂತು.

ಈ ದಪ್ಪ ತಗಡಿನ ಮಾತನ್ನು ನಂಬಬೇಡಿ. ಪದ್ಮಿನಿಗಾಗಲಿ ಅಂಬಾಸಿಡರ್‌ಗಾಗಲಿ ಬೇರೆ ಚಾಸಿ, ಅಂದರೆ ಬಾಡಿ ಕೂರಿಸುವ ಕಬ್ಬಿಣದ ಚೌಕಟ್ಟು, ಇಲ್ಲ. ಕಂಬ ಇಲ್ಲದೆ ಗೋಡೆ ಮೇಲೇ ನಿಂತ ಹಳೆ ಮನೆ ಇದ್ದ ಹಾಗೆ, ಬಾಡಿಯೇ ಚಾಸಿ. ಈಗಿನ ಕಾರುಗಳಲ್ಲಿ ಮುಂಭಾಗ ತಾನು ಮುದುರಿಕೊಂಡು ಪೆಟ್ಟನ್ನು ನುಂಗುತ್ತೆ, ಹಾಗಂತಲೇ ಅದನ್ನು ಮಾಡಿರುತ್ತಾರೆ. ಹಳೆಯದರಲ್ಲಿ ಆ ಏರ್ಪಾಡು ಇಲ್ಲ. ಪೆಟ್ಟು ಸೈಡ್ ಮೆಂಬರ್ (ಇಂಜಿನ್ನಿನ ಎರಡೂ ಪಕ್ಕ ಉದ್ದಕ್ಕೆ ಹೋಗುವ ತೊಲೆ) ಹಿಡಿದು ಹಿಂದಕ್ಕೆ ಹೋಗಿ ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ, ಕಾಲಡಿಯ ನೆಲ, ಬಾಗಿಲಿನ ಪಿಲ್ಲರ್ ತನಕ ಮುಟ್ಟುತ್ತೆ. ಹೊರಗೆ ಫೆಂಡರ್ ಮಾತ್ರ ಬಾಗಿದಂತೆ ಕಾಣುತ್ತೆ. ಹಾಗಾಗಿ ಮ್ಯಾಟ್ ತೆಗೆದು ಕಾಲಡಿಯ ತಗಡು ಎಲ್ಲಾದರೂ ಸುಕ್ಕುಗಟ್ಟಿದೆಯಾ ನೋಡಿ. ಮುಂದಿನ ಬಾಗಿಲಿಗೂ ಫೆಂಡರ್‌ಗೂ ನಡುವಿನ ಸಂದು ಎರಡೂ ಕಡೆ ಒಂದೇ ಇದೆಯಾ, ಮೇಲೆ ಕೆಳಗೆ ಒಂದೇ ಅಗಲ ಇದೆಯಾ ನೋಡಿ. ಇದಕ್ಕೆ ಮಿಸ್ತ್ರಿ ಬೇಕಿಲ್ಲ.

ಇನ್ಶೂರೆನ್ಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಆಟ ಶುರುವಾಗೋದೇ ಅಲ್ಲಿ. ಐದು ವರ್ಷ ದಾಟಿದ ಕಾರಿಗೆ ಐಡಿವಿ, ಅಂದರೆ ಕಾರಿನ ಬೆಲೆ ಇಷ್ಟು ಅಂತ ಪಾಲಿಸಿಯಲ್ಲಿ ಬರೆಯುವ ಮೊತ್ತ, ನಾವೂ ಕಂಪನಿಯವರೂ ಒಪ್ಪಿ ಹಾಕಿದ್ದು. ನಮ್ಮದು 80,000 ಇತ್ತು. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಅದನ್ನು ಟೋಟಲ್ ಲಾಸ್ ಅಂತ ಲೆಕ್ಕ ಹಿಡಿದು, ರಿಪೇರಿ ಖರ್ಚಿನ ಬದಲು ಐಡಿವಿ ದುಡ್ಡಿನ ಲೆಕ್ಕದಲ್ಲಿ ಕ್ಲೇಮ್ ಕೊಡುತ್ತಾರೆ. ನಮ್ಮ ಕಾರಿಗೆ ಆ ಗೆರೆ 60,000. ಗ್ಯಾರೇಜು ಕೊಟ್ಟ ಎಸ್ಟಿಮೇಟ್ 55,000. ಗೆರೆಗಿಂತ ಸ್ವಲ್ಪವೇ ಕೆಳಗೆ! ಟೋಟಲ್ ಲಾಸ್ ಆದರೆ ಕಾರು ಗ್ಯಾರೇಜಿನವರ ಕೈಯಿಂದ ಹೋಗುತ್ತೆ, ಅದಕ್ಕೇ ಮೊದಲ ಎಸ್ಟಿಮೇಟ್ ಕಡಿಮೆ ಬರೆಯೋದು. ನಷ್ಟ ಅಂದಾಜು ಮಾಡುವ ಇನ್ಶೂರೆನ್ಸ್ ಸರ್ವೆಯರ್ ಬಂದು ಹೋದ ಮೇಲೆ, ಕಾರು ಬಿಚ್ಚಿ ಹರಡಿದ ಮೇಲೆ, ಒಂದೊಂದೇ ಹೊರಗೆ ಬರುತ್ತೆ. ಕ್ರಾಸ್ ಮೆಂಬರ್ (ಮುಂದಿನ ಅಡ್ಡ ತೊಲೆ) ಬಾಗಿದೆ, ವಾಟರ್ ಪಂಪ್ ಹೋಗಿದೆ, ಸ್ಟೀರಿಂಗ್ ಬಾಕ್ಸ್ ಅಲುಗಾಡ್ತಿದೆ ಅಂತ. ಆ ಹೊತ್ತಿಗೆ ಇನ್ನೊಂದು ಕಡೆ ಒಯ್ಯೋಣ ಅಂದರೂ ಆಗುವುದಿಲ್ಲ, ಕಾರು ಡಬ್ಬಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿರುತ್ತೆ.

ಕ್ಲೇಮ್ ಪೂರ್ತಿ ಬರುತ್ತೆ ಅಂತಲೂ ಅಂದುಕೊಳ್ಳಬೇಡಿ. ಕಾರಿಗೆ ಹತ್ತು ವರ್ಷ ದಾಟಿದ್ದರೆ ಕಬ್ಬಿಣದ ಸಾಮಾನಿನ ಬೆಲೆಯಲ್ಲಿ ಅರ್ಧ ಸವಕಳಿ ಅಂತ ಹಿಡಿಯುತ್ತಾರೆ, ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೂ ಅರ್ಧ. ಗಾಜಿಗೆ ಮಾತ್ರ ಸವಕಳಿ ಇಲ್ಲ. 1500 ಸಿಸಿ ತನಕದ ಕಾರಿಗೆ ಇನ್ನೊಂದು 1000 ರೂಪಾಯಿ ಕಡಿತ ಇದ್ದೇ ಇದೆ. ಕೊನೆಗೆ ನಮ್ಮ ಗ್ಯಾರೇಜಿನ ಬಿಲ್ಲು ಲಕ್ಷದ ನಲವತ್ತು ಸಾವಿರ ದಾಟಿತು, ಇನ್ಶೂರೆನ್ಸ್‌ನಿಂದ ಬಂದದ್ದು ಅದರಲ್ಲಿ ಸಣ್ಣ ಪಾಲು. ಮೊದಲೇ ನಿಜವಾದ ಎಸ್ಟಿಮೇಟ್ ಬರೆದಿದ್ದರೆ ಟೋಟಲ್ ಲಾಸ್ ದುಡ್ಡು ತೆಗೆದುಕೊಂಡು, ಅದರಲ್ಲಿ ಗುಜರಿ ಬೆಲೆ ಮುರಿಸಿಕೊಂಡು ಕಾರನ್ನು ನಾವೇ ಇಟ್ಟುಕೊಳ್ಳಬಹುದಿತ್ತು.

ಕಾರು ಮನೆಗೆ ಬಂದಾಗ ನೋಡೋಕೆ ಚೆನ್ನಾಗಿತ್ತು. ಓಡಿಸಿದರೆ ಎಡಕ್ಕೆ ಎಳೆಯುತ್ತಿತ್ತು. ಮುಂದಿನ ಟೈರು ಒಳಗಿನ ಅಂಚಿನಲ್ಲಿ ಬೇಗ ಸವೆಯತೊಡಗಿತು. ಬಾಗಲಕೋಟೆಯಲ್ಲಿ ವೀಲ್ ಅಲೈನ್ಮೆಂಟ್‌ಗೆ ಹಾಕಿದರೆ ಎಷ್ಟು ತಿರುಗಿಸಿದರೂ ಲೆಕ್ಕಕ್ಕೆ ಬರಲಿಲ್ಲ. ಒಂದಿನ ಮುಂದಿನ ಗಾಜು ನಿಂತಲ್ಲೇ ಮೂಲೆಯಿಂದ ಬಿರುಕು ಬಿಟ್ಟಿತು. ಗ್ಯಾರೇಜಿಗೆ ಫೋನ್ ಮಾಡಿದರೆ "ಹಳೇ ಗಾಡಿ ಅಂದ್ರ ಅಷ್ಟ ಐತ್ರೀ" ಅನ್ನೋದೇ ಉತ್ತರ.

ಆಮೇಲೆ ವಿಜಯಪುರದಲ್ಲಿ ಬರೀ ಫಿಯಟ್ ಮೇಲೇ ಕೆಲಸ ಮಾಡಿದ ಒಬ್ಬ ಹಿರಿಯ ಮಿಸ್ತ್ರಿ ಸಿಕ್ಕರು. ಎಲ್ಲರೂ ಅವರನ್ನು ಚಾಚಾ ಅಂತಾರೆ. ಅವರು ಮಾಡಿದ ಅಳತೆಯನ್ನು ನೀವೂ ಮಾಡಬಹುದು. ಕಾರನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿದರು. ಗೌಂಡಿಗಳು ಗೋಡೆ ನೋಡುವ ತೂಗುಗುಂಡು ತೆಗೆದುಕೊಂಡು ಅಡಿಗೆ ಮಲಗಿದರು. ಮುಂದೆ ಸಸ್ಪೆನ್ಷನ್ ಕೂರುವ ಎರಡು ಬೋಲ್ಟ್, ಹಿಂದೆ ಪಾಟಾ (ಲೀಫ್ ಸ್ಪ್ರಿಂಗ್) ಕಟ್ಟಿರುವ ಎರಡು ಬೋಲ್ಟ್, ಈ ನಾಲ್ಕು ಕಡೆಯಿಂದ ದಾರ ಇಳಿಬಿಟ್ಟು, ಗುಂಡು ನಿಂತಲ್ಲಿ ನೆಲದ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿದರು. ಕಾರು ಆಚೆ ತಳ್ಳಿ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೆದರು. ಕಾರು ನೆಟ್ಟಗಿದ್ದರೆ ಎರಡೂ ಅಳತೆ ಒಂದೇ ಬರಬೇಕು. ನಮ್ಮದರಲ್ಲಿ ಒಂದು ಇನ್ನೊಂದಕ್ಕಿಂತ ಎರಡು ಬೆರಳು ಜಾಸ್ತಿ ಇತ್ತು. ನೆಲದ ಮೇಲಿನ ಆ ನಾಲ್ಕು ಗುರುತು ನೋಡಿದರೆ ಯಾರಿಗಾದರೂ ತಿಳಿಯುತ್ತೆ, ಅದು ಚೌಕಟ್ಟಾಗಿರಲಿಲ್ಲ, ಒಂದು ಕಡೆಗೆ ವಾಲಿತ್ತು.

ಅಷ್ಟಕ್ಕೇ ಬಿಡಲಿಲ್ಲ ಚಾಚಾ. ಎಡಗಡೆ ಫೆಂಡರ್ ಒಳಗೆ ಕೈ ಹಾಕಿ ಸವರಿ, ಟಾರ್ಚ್ ಬಿಟ್ಟು ನನ್ನನ್ನು ಕರೆದರು. ಒಳಗಡೆಯಿಂದ ವೆಲ್ಡಿಂಗ್ ಮಾಡಿ ಮುಚ್ಚಿದ ತೂತುಗಳಿದ್ದವು. ಉಗುರಿನಿಂದ ಕೆರೆದರೆ ನೀಲಿ ಕೆಳಗೆ ಕಪ್ಪು ಬಣ್ಣ. ಮುಂಬೈ ಟ್ಯಾಕ್ಸಿ ಪದ್ಮಿನಿಗಳಿಗೆ ಹಳೆ ಕಾಲದ ಮೀಟರ್ ಹೊರಗೆ, ಎಡಗಡೆ ಮುಂದೆ ಕೂರಿಸುತ್ತಿದ್ದರು. ಅದರ ತೂತುಗಳು ಅವು. "ಸಾವ್ಕಾರ್ರ, ಮುಂದಿಂದು ನಿಮ್ಮ ಗಾಡಿ ಅಲ್ಲ, ಟ್ಯಾಕ್ಸಿದು" ಅಂದರು ಅಪ್ಪನಿಗೆ. ಅಪ್ಪ ತುಂಬ ಹೊತ್ತು ಮಾತೇ ಆಡಲಿಲ್ಲ.

ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇದೆ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್‌ನಲ್ಲಿ ರಿಜಿಸ್ಟರ್ ಆಗಿ 2023ರ ಅಕ್ಟೋಬರ್‌ಗೆ ರಸ್ತೆ ಬಿಟ್ಟಿತು. ಆ ಟ್ಯಾಕ್ಸಿಗಳು ಸಮುದ್ರದ ಗಾಳಿಯಲ್ಲಿ ಹಗಲು ರಾತ್ರಿ ಓಡಿದವು, ಒಳಗಿಂದ ತುಕ್ಕು ತಿಂದಿರುತ್ತವೆ. ನಮ್ಮ ಬಾಗಲಕೋಟೆಯ ಒಣ ಹವೆಯಲ್ಲಿ ನಲವತ್ತು ವರ್ಷ ತುಕ್ಕಿಲ್ಲದೆ ನಿಂತಿದ್ದ ಬಾಡಿಗೆ ಅಂಥದ್ದನ್ನು ತಂದು ಅಂಟಿಸಿದ್ದರು. ಬಿಚ್ಚಿದ ನಮ್ಮ ತಗಡು ಎಲ್ಲಿ ಅಂದರೆ ಗುಜರಿಗೆ ಹಾಕಿದ್ವಿ ಅಂದರು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗುತ್ತಿದ್ದೆವೋ ಏನೋ. ಆದರೆ 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕಲ್ವಾ, ನಮ್ಮದರ ಸರದಿ ಅದೇ ವರ್ಷ ಬಂತು. ಆರ್‌ಟಿಒ ಇನ್ಸ್‌ಪೆಕ್ಟರ್ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವಾಗ ನಂಬರಿನ ಸುತ್ತ ವೆಲ್ಡಿಂಗ್ ಗೆರೆ ಕಂಡಿತು. ನಮ್ಮ ನಂಬರ್ ಇದ್ದ ತಗಡಿನ ತುಂಡನ್ನು ಕತ್ತರಿಸಿ ಟ್ಯಾಕ್ಸಿಯ ಭಾಗಕ್ಕೆ ಕೂರಿಸಿದ್ದರು. ಫೈಲು ಅಲ್ಲೇ ನಿಂತಿತು. ಈ ಮುಂಭಾಗ ಯಾವ ಗಾಡಿಯದು, ಅದರ ಕಾಗದ ಎಲ್ಲಿ, ಯಾರನ್ನು ಕೇಳಿ ಬದಲಿಸಿದಿರಿ ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗೇ ಇದೆ, ಕದ್ದ ಕಾರುಗಳನ್ನು ಮಾರುವವರು ಮಾಡೋದೂ ಇದೇ ಕೆಲಸ. ಜೀವಮಾನದಲ್ಲಿ ಒಂದು ಟ್ಯಾಕ್ಸ್ ರಸೀದಿ ಕಳೆದುಕೊಳ್ಳದ ನನ್ನ ಅಪ್ಪ ಆ ಕೌಂಟರ್ ಮುಂದೆ ಉತ್ತರ ಇಲ್ಲದೆ ನಿಲ್ಲಬೇಕಾಯಿತು. ಆ ಗ್ಯಾರೇಜಿನ ಮೇಲೆ ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿರುವುದು ಇದಕ್ಕೆ.

ಜೀಪ್ ಇದ್ದವರಿಗೆ ಈ ತೊಂದರೆ ಇಷ್ಟಿಲ್ಲ. ಹಳೆ ಜೀಪಿಗೆ ಚಾಸಿ ಬೇರೆ, ಬಾಡಿ ಬೇರೆ, ಬೋಲ್ಟ್ ಬಿಚ್ಚಿ ಬಾಡಿ ಬದಲಿಸಬಹುದು. ಆರ್‌ಟಿಒಗೆ ತಿಳಿಸಿಯೇ ಮಾಡಬೇಕು ಅನ್ನೋದು ಅಲ್ಲೂ ಇದೆ, ಆದರೆ ನಂಬರಿಗೆ ಕೈ ಹಾಕುವ ಪ್ರಸಂಗ ಬರಲ್ಲ. ಜೀಪಿನವರ ಮಾತು ಕೇಳಿ ಫಿಯಟ್‌ಗೂ "ಬಾಡಿ ಚೇಂಜ್" ಅಂತ ಯಾರಾದರೂ ಅಂದರೆ ಎದ್ದು ಬನ್ನಿ.

ನಿಮ್ಮದು ಐವತ್ತು ವರ್ಷ ದಾಟಿದ ಕಾರಾಗಿದ್ದರೆ ಇನ್ನೂ ಹುಷಾರಾಗಿರಿ. 2021ರ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್‌ನಿಂದ 50 ವರ್ಷ ಆದ ಕಾರಿಗೆ ವಿಂಟೇಜ್ ಅಂತ 'ವಿಎ' ನಂಬರ್ ಸಿಗುತ್ತೆ. ಆದರೆ ಚಾಸಿ, ಬಾಡಿ ಶೆಲ್, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಅರ್ಧ ಬಾಡಿ ಬದಲಿಸಿದ ಕಾರಿಗೆ ಆ ದಾರಿ ಮುಚ್ಚಿಹೋಗುತ್ತೆ.

ಹಾಗಾದರೆ ರಿಪೇರಿ ಮಾಡಿಸಬೇಕಾ, ಬೇರೆ ಕಾರು ತೆಗೆದುಕೊಳ್ಳಬೇಕಾ? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಬೋಲ್ಟ್ ಬಿಚ್ಚಿ ತೆಗೆಯಬಹುದಾದದ್ದು ಏನೇ ಹೋಗಿದ್ದರೂ ರಿಪೇರಿ ಮಾಡಿಸಿ, ಎಷ್ಟು ಕಷ್ಟ ಆದರೂ ಮಾಡಿಸಿ. ಬಾನೆಟ್, ಬಾಗಿಲು, ರೇಡಿಯೇಟರ್, ಕ್ರಾಸ್ ಮೆಂಬರ್ ಕೂಡ ಹುಡುಕಿದರೆ ಸಿಗುತ್ತವೆ. ಸಣ್ಣ ಪುಟ್ಟ ಎರಕದ ಸಾಮಾನು ಬೇಕಾದರೆ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಲೇಥ್ ಶಾಪ್ ಬೇಕಾದಷ್ಟಿವೆ, ಮಾದರಿ ಕೊಟ್ಟರೆ ಮಾಡಿಕೊಡ್ತಾರೆ. ಸೈಡ್ ಮೆಂಬರ್ ತುದಿ ಅಷ್ಟೇ ಬಾಗಿದ್ದರೂ ಬಲ್ಲವರು ಎಳೆದು ನೆಟ್ಟಗೆ ಮಾಡುತ್ತಾರೆ. ಆದರೆ ಮೂಲೆ ಅಳತೆ ತಪ್ಪಿದೆ, ಕಾಲಡಿಯ ತಗಡು ಸುಕ್ಕಾಗಿದೆ, ಪಿಲ್ಲರ್ ಅಲುಗಿದೆ ಅಂದರೆ ಆ ಬಾಡಿಯನ್ನು ಬಿಟ್ಟುಬಿಡಿ. ಸ್ವಂತ ಕಾಗದ ಪತ್ರ ಸರಿ ಇರುವ ಇನ್ನೊಂದು ಇಡೀ ಕಾರು ಹುಡುಕಿ. ಕರ್ನಾಟಕದ್ದೇ ಆದರೆ ಒಳ್ಳೆಯದು, ಫಾರ್ಮ್ 29, 30 ಕೊಟ್ಟು ಹೆಸರು ಬದಲಿಸಿದರೆ ಮುಗಿಯಿತು. ಕೊಲ್ಹಾಪುರದ್ದೋ ಸಾಂಗ್ಲಿಯದ್ದೋ ಆದರೆ ಎನ್‌ಒಸಿ, ಟ್ಯಾಕ್ಸ್ ಅಂತ ಓಡಾಟ ಜಾಸ್ತಿ. ನಿಮ್ಮ ಕಾರಿನ ಬಾಗಿಲು, ಸೀಟು, ಡ್ಯಾಶ್‌ಬೋರ್ಡ್, ಗಾಜು ಅದಕ್ಕೆ ಹಾಕಿಕೊಳ್ಳಿ, ಯಾರೂ ಬೇಡ ಅನ್ನಲ್ಲ. ಇಂಜಿನ್ ಬದಲಿಸುವುದಾದರೆ ಆರ್‌ಸಿಯಲ್ಲಿ ಬರೆಸಬೇಕು. ಬಿಟ್ಟ ಕಾರಿನ ಆರ್‌ಸಿಯನ್ನು ಆರ್‌ಟಿಒಗೆ ಒಪ್ಪಿಸಿ ರದ್ದು ಮಾಡಿಸಿ, ಕಾಯ್ದೆಯಲ್ಲಿ ಅದಕ್ಕೆ ಹದಿನಾಲ್ಕು ದಿನ ಅಂತ ಇದೆ. ಗುಜರಿಯವರಿಗೆ ಆರ್‌ಸಿ ಜೊತೆ ಕಾರು ಕೊಡಬೇಡಿ, ನಿಮ್ಮ ನಂಬರ್ ಇನ್ಯಾವುದೋ ಕಾರಿನ ಮೇಲೆ ಓಡಾಡುತ್ತೆ.

ನಾವು ಗೋಕಾಕದ ಕಡೆಯಿಂದ ಒಂದು ಪದ್ಮಿನಿ ತೆಗೆದುಕೊಂಡೆವು, ಚಾಚಾ ಅಳತೆ ನೋಡಿ ಹ್ಞೂಂ ಅಂದ ಮೇಲೆ. ಅಪ್ಪ ಅದರಲ್ಲೇ ಅಂಗಡಿಗೆ ಹೋಗಿಬರುತ್ತಾರೆ.

ಯಾವ ಗ್ಯಾರೇಜಿಗೇ ಕೊಡಿ, ಕೊಡುವ ಮೊದಲು ಚಾಸಿ ನಂಬರಿನ ಹತ್ತಿರದಿಂದ ಫೋಟೋ ತೆಗೆಯಿರಿ, ಸುತ್ತಲಿನ ತಗಡೂ ಕಾಣುವ ಹಾಗೆ. ಬಿಚ್ಚಿದ ಹಳೆ ಸಾಮಾನು, ಕತ್ತರಿಸಿದ ತಗಡು ಎಲ್ಲ ವಾಪಸ್ ಕೊಡಬೇಕು ಅಂತ ಎಸ್ಟಿಮೇಟ್ ಮೇಲೇ ಬರೆಸಿ ಸಹಿ ಹಾಕಿಸಿ. ಬಣ್ಣ ಹೊಡೆಯುವ ಮೊದಲು ಒಮ್ಮೆ ಹೋಗಿ ನೋಡಿ, ಬೇಡ ಅಂದರೆ ಅಲ್ಲೇನೋ ಇದೆ ಅಂತಲೇ ಅರ್ಥ. ಎದುರಿನ ಗಾಡಿಯದು ತಪ್ಪಿದ್ದರೆ ಅಂದೇ ಪೊಲೀಸ್ ಕಂಪ್ಲೇಂಟ್ ಕೊಡಿ, ಅವರ ಇನ್ಶೂರೆನ್ಸ್‌ನಿಂದ ಪರಿಹಾರ ಕೇಳುವ ಅರ್ಜಿಯನ್ನು ಅಪಘಾತ ಆದ ಆರು ತಿಂಗಳೊಳಗೆ ಹಾಕಬೇಕು.

ನಾವು ಬಾಗಲಕೋಟೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಟ್ಟಿದ್ದೇವೆ. ಗ್ಯಾರೇಜು ಬೇರೆ ಜಿಲ್ಲೆಯಲ್ಲಿದ್ದರೂ ನಾವಿರುವ ಊರಲ್ಲೇ ಕೊಡಬಹುದು. ನಾವು ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಫೀಸಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಬೆಳಗಾವಿ ಕಡೆ ನಿಮ್ಮಲ್ಲಿ ಯಾರಿಗಾದರೂ ಹೀಗೇ ಆಗಿದ್ದರೆ ಬಿಲ್ಲು, ಮೆಸೇಜು, ಯುಪಿಐ ದಾಖಲೆ ಯಾವುದನ್ನೂ ಅಳಿಸಬೇಡಿ, ನೀವೂ ದೂರು ಕೊಡಿ.